ಯಾರ ಖರ್ಚಿನಲ್ಲಿ ತಪ್ಪುವುದು?

ರಾತ್ರಿಯೆಲ್ಲ ಬಾವಲಿಗಳ ಬೆನ್ನು ಹತ್ತಿ ಅಲೆಯುವವರ ಚೀಲದಲ್ಲಿ ಉಲ್ಲನ್ ಉಂಡೆಯೂ ಹೆಣಿಗೆ ಕಡ್ಡಿಯೂ ಕಂಡರೆ, ಕಂಡವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಎರಡಕ್ಕೂ ಟೈಮ್ ಹೇಗ್ರೀ ಹೊಂದಿಸ್ತೀರಿ?’ ಕೇಳುವವರಲ್ಲಿ ಕುಹಕವಿಲ್ಲ. ಆದರೆ ಹೊತ್ತಿನ ಮಟ್ಟಿಗೆ ಇವೆರಡರ ನಡುವೆ ಜಗಳವೇ ಇಲ್ಲ. ಬಾವಲಿಯ ಕೆಲಸ ಮುಕ್ಕಾಲು ಪಾಲು ಕಾಯುವ ಕೆಲಸ. ಹೊತ್ತು ಮುಳುಗುವ ಮುಂಚೆ ಹಳ್ಳಕ್ಕೆ ಅಡ್ಡವಾಗಿ ಗಳು ನೆಟ್ಟು ಬಲೆ ಕಟ್ಟಬೇಕು, ಕತ್ತಲಾಗುತ್ತಲೇ ಹರಡಬೇಕು, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಹೋಗಿ ನೋಡಬೇಕು. ಮಳೆ ಬಂತೋ, ಬಲೆ ಸುತ್ತಿಟ್ಟು ಅರಣ್ಯ ಇಲಾಖೆಯ ವಸತಿಗೃಹದ ಜಗುಲಿಯಲ್ಲಿ ಕೂರಬೇಕು. ಇಷ್ಟು ಪುರುಸೊತ್ತಿನ ಕೆಲಸದಲ್ಲಿ ಒಂದು ಕುಲಾವಿ ಹೆಣೆದು ಮುಗಿಸಲಾಗದಿದ್ದರೆ ತಪ್ಪು ಗಡಿಯಾರದ್ದಲ್ಲ. ಅಂದಹಾಗೆ, ಕ್ಯಾಂಪಿನಲ್ಲಿ ಇಸ್ಪೀಟು ಆಡುವ ಗಂಡಸರನ್ನು ‘ಎರಡನ್ನೂ ಹೇಗೆ ನಿಭಾಯಿಸ್ತೀರಿ’ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಹೆಣಿಗೆಯ ಪರವಾಗಿ ಬರುವ ವಾದ ಈ ಪ್ರಶ್ನೆಗಿಂತ ಹೆಚ್ಚು ತೊಂದರೆಯದು, ಏಕೆಂದರೆ ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಹೆಣೆಯುವವರಿಗೆ ತಾಳ್ಮೆ ಹೆಚ್ಚು, ಬೆರಳು ಪಳಗಿರುತ್ತದೆ, ಹಾಗಾಗಿ ಅವರು ಒಳ್ಳೆಯ ಸಂಶೋಧಕರಾಗುತ್ತಾರೆ ಎಂಬ ಮಾತದು. ಇದಕ್ಕೆ ಆಧಾರವೂ ಉಂಟು. ಅಮೆರಿಕದ ರಾಬರ್ಟ್ ರೂಟ್-ಬರ್ನ್‌ಸ್ಟೀನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಲೆ ಮತ್ತು ಕೈಕಸುಬಿನ ಹವ್ಯಾಸ ಉಳಿದ ವಿಜ್ಞಾನಿಗಳಿಗಿಂತ ನೊಬೆಲ್ ಪಡೆದವರಲ್ಲಿ ಹೆಚ್ಚು. ಇರಬಹುದು. ಆದರೆ ಒಂದು ಪ್ರೀತಿಗೆ ಇನ್ನೊಂದರ ಊಳಿಗದಲ್ಲಿದ್ದರಷ್ಟೇ ಬೆಲೆ ಎಂದು ಒಪ್ಪಿಕೊಂಡರೆ, ಆ ಪ್ರೀತಿಯನ್ನು ಅಲ್ಲಿಗೇ ಕೈಬಿಟ್ಟಂತೆ. ನಾಳೆ ಇನ್ನಾವನೋ ಬಂದು ಹೆಣಿಗೆಗಿಂತ ಚದುರಂಗವೇ ಸಂಶೋಧನೆಗೆ ಮೇಲು ಎಂದು ಅಂಕಿಅಂಶ ತೋರಿಸಿದರೆ ಕಡ್ಡಿ ಕೆಳಗಿಡಬೇಕೇ?

ಎರಡರ ನಡುವೆ ನಿಜವಾದ ನಂಟೊಂದಿದೆ. ಅದು ಕೌಶಲದ್ದಲ್ಲ ಎಂಬುದು ನನ್ನ ವಾದ. ಆದರೂ ಕೌಶಲದ ಕಡೆಯಿಂದಲೇ ಅಲ್ಲಿಗೆ ಹೋಗೋಣ, ಅದು ಕಣ್ಣಿಗೆ ಕಾಣುವಂಥದ್ದು.

ಬಲೆಗೆ ಬಿದ್ದ ಬಾವಲಿಯನ್ನು ಬಿಡಿಸುವಾಗ ಮೊದಲು ತಿಳಿಯಬೇಕಾದದ್ದು ಅದು ಬಲೆಯ ಯಾವ ಮಗ್ಗುಲಿನಿಂದ ಬಂತು ಎಂಬುದು. ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕರೆದೊಯ್ಯಬೇಕು; ಕೊನೆಗೆ ಸಿಕ್ಕಿಕೊಂಡದ್ದನ್ನು ಮೊದಲು ಬಿಡಿಸಬೇಕು. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕೂದಲೆಳೆಯಂಥ ನೈಲಾನ್ ದಾರ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಬಾವಲಿಯ ರೆಕ್ಕೆ ನಿಜದಲ್ಲಿ ಅದರ ಕೈ: ಉದ್ದಕ್ಕೆ ಬೆಳೆದ ನಾಲ್ಕು ಬೆರಳು, ಅವುಗಳ ನಡುವೆ ಚಾಚಿದ ತೊಗಲು, ಮೇಲ್ತುದಿಯಲ್ಲಿ ಉಗುರುಳ್ಳ ಒಂದು ಹೆಬ್ಬೆರಳು. ಆ ಬೆರಳ ಮೂಳೆ ಹಿಡಿಸೂಡಿಯ ಕಡ್ಡಿಗಿಂತ ತೆಳು. ಹೆಬ್ಬೆರಳು ಒಂದು ಎಳೆಯನ್ನು ಹಿಡಿದುಕೊಂಡಿರುತ್ತದೆ, ಬಾಯಿ ನನ್ನ ಚರ್ಮದ ಗ್ಲೌಸನ್ನು ಕಚ್ಚಿರುತ್ತದೆ. ಮುಖದ ಮೇಲೆ ಮೆಲ್ಲಗೆ ಊದಿದರೆ ಕೆಲವು ಬಾಯಿ ಬಿಡುತ್ತವೆ, ಕೆಲವು ಇನ್ನೂ ಬಿಗಿಯಾಗಿ ಕಚ್ಚುತ್ತವೆ. ಮಣಿಕಟ್ಟಿನ ಸುತ್ತ ಎರಡು ಸುತ್ತು ಬಿದ್ದ ದಾರವನ್ನು ಎತ್ತಲು ದಪ್ಪ ಗ್ಲೌಸಿನ ಬೆರಳಿಗೆ ಆಗುವುದಿಲ್ಲ. ಅದಕ್ಕಾಗಿ ಬಹಳ ಜನ ಜೇಬಿನಲ್ಲಿ ಸಣ್ಣ ಕ್ರೋಶಾ ಕಡ್ಡಿ ಇಟ್ಟುಕೊಂಡಿರುತ್ತಾರೆ. ಸ್ವೆಟರಿನಲ್ಲಿ ಒಂದು ಕುಣಿಕೆ ಜಾರಿ ಐದಾರು ಸಾಲು ಕೆಳಗಿಳಿದರೆ ಮೇಲೆತ್ತುವುದೂ ಇದೇ ಕಡ್ಡಿಯಿಂದ.

ಕ್ರೋಶಾ ಕಡ್ಡಿಯ ಜತೆ ಅದೇ ಜೇಬಿನಲ್ಲಿ ಕತ್ತರಿಯೂ ಇರುತ್ತದೆ. ಬಾವಲಿ ದಣಿಯುತ್ತಿದೆ, ದಾರ ಬಿಡುತ್ತಿಲ್ಲ ಎಂದಾದರೆ ಎರಡನೇ ಯೋಚನೆಯಿಲ್ಲದೆ ಬಲೆಯನ್ನು ಕತ್ತರಿಸಬೇಕು. ಬಲೆಗೆ ದುಡ್ಡು ಬೀಳುತ್ತದೆ, ಸಂಸ್ಥೆಯ ಲೆಕ್ಕಪತ್ರದವರು ಮುಖ ಸಿಂಡರಿಸುತ್ತಾರೆ, ಇರಲಿ. ಬಲೆಯ ತೂತು ಹೊಲಿಯಬಹುದು, ಮುರಿದ ಬೆರಳಿನ ಮೂಳೆ ಕೂಡಿಸಲು ಕಾಡಿನಲ್ಲಿ ಯಾರಿದ್ದಾರೆ?

ಮೊದಮೊದಲು ನನ್ನ ವಿಚಾರವೆಲ್ಲ ಇಲ್ಲಿಗೇ ನಿಂತಿತ್ತು. ಲೋಕದಲ್ಲಿ ಎರಡು ಬಗೆಯ ಕೆಲಸ: ಬಿಚ್ಚಿ ಮತ್ತೆ ಮಾಡಬಹುದಾದದ್ದು, ಬಿಚ್ಚಲಾಗದ್ದು. ಹೆಣಿಗೆ ಮೊದಲನೆಯದು. ತೋಳು ಉದ್ದವಾಯಿತೋ, ಕಡ್ಡಿ ಹೊರಕ್ಕೆಳೆದು ದಾರ ಜಗ್ಗಿದರೆ ಸಾಲುಸಾಲಾಗಿ ಬಿಚ್ಚಿಕೊಂಡು ಬರುತ್ತದೆ. ನಡುವೆ ಎಲ್ಲೂ ಗಂಟಿಲ್ಲ. ಬಾವಲಿಯ ಕೆಲಸ ಎರಡನೆಯದು. ಕೋಲಾರದ ಎಲೆಮೂಗಿನ ಬಾವಲಿಯನ್ನೇ ನೋಡಿ. ವಿಜ್ಞಾನ ಅದಕ್ಕೊಂದು ಹೆಸರು ಕೊಟ್ಟದ್ದು 1994ರಲ್ಲಿ. ತೇರಹಳ್ಳಿಯ ಗುಹೆಯಲ್ಲಿದ್ದ ಅದರ ಸಂತತಿ ಇಲ್ಲವಾಗಿ, ಕಡೆಗೆ ಹನುಮನಹಳ್ಳಿಯ ಒಂದು ಗುಹೆಯೇ ಅದರ ಗೊತ್ತಿರುವ ನೆಲೆಯಾಗಿ ಉಳಿಯಿತು. ಸುತ್ತ ಗ್ರಾನೈಟ್ ಗಣಿಗಾರಿಕೆಯ ಸಿಡಿಮದ್ದು. ಅಂದಾಜಿಗೆ ಸಿಕ್ಕಿದ್ದು 200ರ ಆಸುಪಾಸಿನ ಜೀವಗಳು. ಖಾನಾಪುರದ ಕಾಡಿನ ತಳೆವಾಡಿ ಬಳಿ ಬಾರಾಪೆಡೆ ಗುಹೆಯಲ್ಲಿರುವ ರಾಟನ್ ಬಾವಲಿಗೆ 1913ರಲ್ಲಿ ಹೆಸರಿಟ್ಟ ಮೇಲೆ ದಶಕಗಳ ಕಾಲ ಅದಕ್ಕೂ ಆ ಗುಹೆ ಬಿಟ್ಟರೆ ಬೇರೆ ವಿಳಾಸ ಗೊತ್ತಿರಲಿಲ್ಲ; ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡದ್ದು ಬಹಳ ತಡವಾಗಿ. ಅದರ ಮೇಲೆ, ಬಹುತೇಕ ಬಾವಲಿಗಳು ಒಂದು ಹೆರಿಗೆಗೆ ಒಂದೇ ಮರಿ ಹಾಕುತ್ತವೆ. ಇಲಿಯಷ್ಟೇ ಗಾತ್ರವಿದ್ದರೂ ಇಲಿಯ ಹಾಗೆ ಬದುಕುವುದಿಲ್ಲ. ಸೈಬೀರಿಯಾದಲ್ಲಿ ಗುರುತುಪಟ್ಟಿ ತೊಡಿಸಿ ಬಿಟ್ಟ ಬ್ರಾಂಟ್ ಬಾವಲಿಯೊಂದು 41 ವರ್ಷಗಳ ನಂತರ ಮತ್ತೆ ಸಿಕ್ಕಿತು, ತೂಕ ಬೆರಳೆಣಿಕೆಯ ಗ್ರಾಂ. ಇಷ್ಟು ನಿಧಾನವಾಗಿ ಕಟ್ಟಿಕೊಂಡ ಸಂಸಾರವನ್ನು ಒಂದು ಸಿಡಿಮದ್ದು ಎಬ್ಬಿಸಿಬಿಟ್ಟರೆ ಯಾವ ತುದಿಯಿಂದ ಜಗ್ಗಿ ಸರಿಪಡಿಸುವುದು?

ಈ ಅಡ್ಡಗೆರೆ ಅಚ್ಚುಕಟ್ಟಾಗಿದೆ; ಆದರೆ ಎರಡೂ ಕೆಲಸ ಬಲ್ಲವರಿಗೆ ಅದು ಬಹಳ ಹೊತ್ತು ನಿಲ್ಲುವುದಿಲ್ಲವೆಂದು ಗೊತ್ತು. ಬಿಚ್ಚಿದ ಉಲ್ಲನ್ ಅಂಗಡಿಯಿಂದ ತಂದಂತಿರುವುದಿಲ್ಲ, ಸುರುಳಿಸುರುಳಿಯಾಗಿ ಹಳೆಯ ಸಾಲುಗಳ ಗುರುತು ಉಳಿಸಿಕೊಂಡಿರುತ್ತದೆ. ಲಡಿ ಸುತ್ತಿ, ನೆನೆಸಿ, ತೂಗುಹಾಕಿ ಒಣಗಿಸಬೇಕು. ಮೊಹೇರ್ ದಾರವನ್ನಂತೂ ಬಿಚ್ಚಹೊರಟರೆ ಎಳೆ ಎಳೆಗೆ ಅಂಟಿಕೊಂಡು ಹರಿದೇ ಹೋಗುತ್ತದೆ. ಅತ್ತ ಬಾವಲಿಯ ರೆಕ್ಕೆಯ ತೊಗಲಿನಲ್ಲಾದ ಸಣ್ಣ ತೂತು ಕೆಲವೇ ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ವಂಶವಾಹಿ ಪರೀಕ್ಷೆಗೆ ಅಲ್ಲಿಂದ ಚೂರು ತೊಗಲು ತೆಗೆಯುವುದು ಈ ಧೈರ್ಯದಿಂದಲೇ. ವಿಜ್ಞಾನದ ಕಾಗದಪತ್ರದ ತಪ್ಪೂ ತಿದ್ದುಪಡಿಯಾಗುತ್ತದೆ. 1948ರಲ್ಲಿ ತಮಿಳುನಾಡಿನ ಹೈ ವೇವಿ ಬೆಟ್ಟದಲ್ಲಿ ಆಂಗಸ್ ಹಟನ್ ಹಿಡಿದ ಹಣ್ಣುಬಾವಲಿ, ಮುಂಬೈಯ ಸಂಗ್ರಹದಲ್ಲಿ ಬೇರೊಂದು ಸಾಮಾನ್ಯ ಜಾತಿಯ ಹೆಸರು ಹೊತ್ತು ಬಿದ್ದಿತ್ತು. ಥಾಯ್ಲೆಂಡಿನ ಕಿಟ್ಟಿ ಥೊಂಗ್‌ಲೊಂಗ್ಯ ಅದನ್ನು ಮತ್ತೆ ಪರಿಶೀಲಿಸಿ, 1972ರಲ್ಲಿ ಸಲೀಂ ಅಲಿ ಅವರ ಹೆಸರಿಟ್ಟು ಹೊಸ ಜಾತಿಯೆಂದು ಸಾರಿದರು. ಚೀಟಿ ಬದಲಾಯಿತು, ಯಾರಿಗೂ ಏನೂ ಆಗಲಿಲ್ಲ. ಚೀಟಿ ಕಟ್ಟಿಸಿಕೊಂಡ ಆ ಒಂದು ಬಾವಲಿಯ ಮಾತು ಬೇರೆ.

ಆ ಒಂದು ಬಾವಲಿಯೇ ಮುಖ್ಯ ಎನ್ನುತ್ತೇನೆ ನಾನು. ತಪ್ಪನ್ನು ಬಿಚ್ಚಬಹುದೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ಬೆಲೆ ತೆರುವವರು ಯಾರು? ಸ್ವೆಟರ್ ಕೆಟ್ಟರೆ ಹೋದದ್ದು ನನ್ನ ದುಡ್ಡು, ನನ್ನ ಸಂಜೆಗಳು, ಹೆಚ್ಚೆಂದರೆ ನನ್ನ ಜಂಬ. ಬಲೆಯ ಬುಡದಲ್ಲಿ ನಾನು ಎಡವಟ್ಟು ಮಾಡಿದರೆ ದಂಡ ಕಟ್ಟುವುದು ಈ ವ್ಯವಹಾರಕ್ಕೆ ಸಹಿಯನ್ನೇ ಹಾಕದ ಜೀವ. ದಂಡ ಎಷ್ಟು ಬಿತ್ತು ಎಂದು ಕೇಳಿ ತಿಳಿಯುವ ದಾರಿಯೂ ಇಲ್ಲ. ತತ್ತ್ವಶಾಸ್ತ್ರಜ್ಞ ಥಾಮಸ್ ನೇಗಲ್ 1974ರ ತಮ್ಮ ಹೆಸರಾಂತ ಪ್ರಬಂಧಕ್ಕೆ ಬಾವಲಿಯನ್ನೇ ಆರಿಸಿಕೊಂಡರು. ಅದರ ಮಿದುಳನ್ನು, ಅದು ಹೊರಡಿಸುವ ಶಬ್ದವನ್ನು, ಅದು ಆಲಿಸುವ ಮಾರ್ದನಿಯನ್ನು ಪೂರ್ತಿ ಅಳೆದು ಮುಗಿಸಿದರೂ ಬಾವಲಿಗೆ ತನ್ನ ಬದುಕು ಹೇಗನಿಸುತ್ತದೆ ಎಂಬುದು ನಮ್ಮ ಕೈಗೆ ಸಿಗುವುದಿಲ್ಲ ಎಂಬ ಅರ್ಥದ ವಾದ ಅವರದು. ಮನಸ್ಸು ಮತ್ತು ಮಿದುಳಿನ ಚರ್ಚೆಗಾಗಿ ಬರೆದದ್ದು ಅದು, ಬಲೆಗಾರರಿಗಾಗಿ ಅಲ್ಲ. ಆದರೂ ಗ್ಲೌಸು ತೊಟ್ಟವರಿಗೆ ಅದರಿಂದೊಂದು ಕಟ್ಟುಪಾಡು ಹುಟ್ಟುತ್ತದೆ: ಇನ್ನೊಬ್ಬರ ನೋವಿನ ಮೊತ್ತ ಗೊತ್ತಿಲ್ಲದಿದ್ದಾಗ ಅದನ್ನು ಸೊನ್ನೆ ಎಂದು ಬರೆದುಕೊಳ್ಳುವಂತಿಲ್ಲ.

ನಾವು ಬರೆದುಕೊಂಡದ್ದು ಸೊನ್ನೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಹಣ್ಣುಬಾವಲಿ ಕಾಗೆ, ಇಲಿ, ಹೆಗ್ಗಣಗಳ ಜತೆ ಉಪದ್ರವಿಗಳ ಪಟ್ಟಿಯಲ್ಲಿತ್ತು. ಸಲೀಂ ಅಲಿ ಬಾವಲಿಗೆ ವಿನಾಯಿತಿ ಸಿಕ್ಕಿ ಅದು ಮೇಲಿನ ಅನುಸೂಚಿಗೆ ಹೋಯಿತು. ಉಳಿದವು 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಗುವ ತನಕ ಅಲ್ಲೇ ಇದ್ದವು. ಅಂದರೆ ನಾಲ್ಕೈದು ದಶಕ, ಹಣ್ಣುಬಾವಲಿಯ ವಿಷಯದಲ್ಲಿ ಯಾರು ಎಷ್ಟು ತಪ್ಪಿದರೂ ಕಾನೂನಿನ ಲೆಕ್ಕಕ್ಕೆ ಖರ್ಚಿಲ್ಲ. ರಾತ್ರಿ ಹೂವಿನಿಂದ ಹೂವಿಗೆ ಪರಾಗ ಸಾಗಿಸಿದ್ದು, ಬೀಜ ಉದುರಿಸಿ ಕಾಡು ಬೆಳೆಸಿದ್ದು ಜಮೆಗೆ ಬರಲೇ ಇಲ್ಲ.

ಈಗ ಹೆಣಿಗೆಗೆ ಬರುತ್ತೇನೆ. ತಪ್ಪದೆ ಯಾರೂ ಏನನ್ನೂ ಕಲಿಯುವುದಿಲ್ಲ, ಇದು ಹಳೆಯ ಮಾತು. ಅದಕ್ಕಿಂತ ಮುಂದಿನದು ನನಗೆ ಮುಖ್ಯ: ಕಲಿಕೆ ಮುಗಿದ ಮೇಲೂ ಮನುಷ್ಯನಿಗೆ ತಪ್ಪುವ ಅಗತ್ಯ ಇರುತ್ತದೆ. ಏನಾಗುತ್ತದೋ ನೋಡೋಣ ಎಂದು ಲೆಕ್ಕಕ್ಕಿಂತ ಎಂಟು ಕುಣಿಕೆ ಹೆಚ್ಚು ಹಾಕಿ ನೋಡುವ, ಸೀದಾ ಹಾಕಬೇಕಾದಲ್ಲಿ ಉಲ್ಟಾ ಹಾಕಿ ಹೊಸ ನಮೂನೆ ಬಂದೀತೇ ಎಂದು ಕಾಯುವ ಚಪಲ ಅದು. ಆ ಚಪಲಕ್ಕೆ ತನ್ನದೇ ಖರ್ಚಿನ ಒಂದು ಜಾಗ ಬೇಕು. ಅಂಥ ಜಾಗವಿಲ್ಲದವರು ಕ್ಷೇತ್ರದಲ್ಲಿ ಎರಡು ಬಗೆಯಾಗುವುದನ್ನು ನೋಡಿದ್ದೇನೆ. ಕೆಲವರು ಹೆದರಿ ಮರಗಟ್ಟುತ್ತಾರೆ. ಬಲೆ ಎಲ್ಲಿ ಕಟ್ಟಬೇಕೆಂಬ ನಿರ್ಧಾರವನ್ನೂ ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ. ಇನ್ನು ಕೆಲವರು ತಪ್ಪುವ ಸಲುಗೆಯನ್ನು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಳ್ಳುತ್ತಾರೆ: ‘ಇನ್ನೊಂದು ಅಳತೆ ನೋಡೇಬಿಡೋಣ’, ‘ಹಾಲೂಡುವ ತಾಯಿಯಾದರೇನು, ಐದು ನಿಮಿಷ ಚೀಲದಲ್ಲಿರಲಿ’. ಎರಡನೆಯವರೇ ಹೆಚ್ಚು ಚುರುಕು, ಹೆಚ್ಚು ಪ್ರತಿಭಾವಂತರು. ಅವರನ್ನು ಕಂಡಾಗಲೆಲ್ಲ ಇವರ ಕೈಗೆ ಯಾರಾದರೂ ಎರಡು ಕಡ್ಡಿ ಕೊಡಬಾರದಿತ್ತೇ ಎನ್ನಿಸುತ್ತದೆ. ಕಡ್ಡಿಯೇ ಆಗಬೇಕೆಂದಿಲ್ಲ, ತಬಲಾ ಆಗಬಹುದು, ಅಡುಗೆಯೂ ಆದೀತು, ಉಣ್ಣುವವರು ತಾವೇ ಆಗಿದ್ದರೆ.

ಹಾಗೆಂದು ಎರಡನ್ನೂ ಬೆಸೆಯಲು ಹೊರಡಬಾರದು. ಬೆಸುಗೆಗೆ ವಸ್ತುಗಳೇ ಒಪ್ಪುವುದಿಲ್ಲ. ಹಿಡಿದ ಬಾವಲಿಯನ್ನು ತೂಗುವವರೆಗೆ ಇಡುವ ಬಟ್ಟೆಚೀಲದ ಹೊಲಿಗೆಯ ಅಂಚು ಹೊರಮೈಗೆ ಇರಬೇಕು, ಒಳಗೆ ಒಂದು ಎಳೆಯೂ ನೇತಾಡಬಾರದು; ಉಗುರು ಸಿಕ್ಕಿಕೊಳ್ಳುತ್ತದೆ. ಕುಣಿಕೆಕುಣಿಕೆಯಾಗಿರುವ ಉಲ್ಲನ್ ಹೆಣಿಗೆಯಂತೂ ಅವುಗಳ ಹೆಬ್ಬೆರಳಿಗೆ ಇನ್ನೊಂದು ಬಲೆಯೇ. ಅಮೆರಿಕದ ಗುಹೆಗಳಲ್ಲಿ ಬಿಳಿಮೂಗಿನ ರೋಗದ ಶಿಲೀಂಧ್ರ ಲಕ್ಷಗಟ್ಟಲೆ ಬಾವಲಿಗಳನ್ನು ಬಲಿ ತೆಗೆದುಕೊಂಡ ಮೇಲೆ ಅಲ್ಲಿನವರು ಗುಹೆಗೆ ಒಯ್ದ ಬಟ್ಟೆಬರೆಗಳನ್ನು 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಾದ ನೀರಿನಲ್ಲಿ 20 ನಿಮಿಷ ಮುಳುಗಿಸಿಡುವ ಕ್ರಮ ಇಟ್ಟುಕೊಂಡರು. ಕೈಯಲ್ಲಿ ಹೆಣೆದ ಉಣ್ಣೆಯ ಸ್ವೆಟರನ್ನು ಆ ನೀರಿಗೆ ಹಾಕಿ ತಿರುವಿದರೆ ಹೊರಬರುವುದು ಗೊಂಬೆಗೆ ತೊಡಿಸುವ ಕಂಬಳಿ. 2019-20ರಲ್ಲಿ ಆಸ್ಟ್ರೇಲಿಯದ ಕಾಡುಗಳು ಹೊತ್ತಿ ಉರಿದಾಗ, ಕಾಂಗರೂ ಮರಿಗಳಿಗೆ ಚೀಲ, ಬಾವಲಿ ಮರಿಗಳಿಗೆ ಸುತ್ತುಬಟ್ಟೆ ಬೇಕೆಂಬ ಕರೆಗೆ ಲೋಕದ ಹೆಣಿಗೆಗಾರರೆಲ್ಲ ಓಗೊಟ್ಟರು. ಎಷ್ಟೆಂದರೆ, ಕೆಲವೇ ವಾರಗಳಲ್ಲಿ ಅಲ್ಲಿನ ಸ್ವಯಂಸೇವಕರು ಸಾಕು, ಇನ್ನು ಕಳಿಸಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಕಳಿಸಿದವರ ಪ್ರೀತಿಯನ್ನು ಆಡಿಕೊಳ್ಳುವುದಿಲ್ಲ. ನಾನೂ ಅಲ್ಲಿದ್ದಿದ್ದರೆ ಬಹುಶಃ ಹೆಣೆಯುತ್ತಿದ್ದೆ. ಆದರೆ ಪ್ರಾಣಿಗೆ ಏನು ಬೇಕು ಎಂಬುದನ್ನು ಕೈಗೆ ಏನು ಇಷ್ಟ ಎಂಬುದರಿಂದ ತೀರ್ಮಾನಿಸುವ ಆಸೆ ಇದೆಯಲ್ಲ, ಎರಡು ಪ್ರೀತಿಗಳನ್ನು ಒಂದೇ ಚೀಲಕ್ಕೆ ತುಂಬಿದಾಗ ಅದು ಮೇಲೆ ತೇಲುತ್ತದೆ.

ನನ್ನ ವಾದಕ್ಕೆ ಎದುರಾಗಿ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಅಡಗಿಸಿಡಲಾರೆ. ಬಾವಲಿ ಬಿಡಿಸುವುದನ್ನು ಬಲ್ಲ ಪ್ರತಿಯೊಬ್ಬರೂ ಒಂದು ದಿನ ಅರಿಯದವರೇ ಆಗಿದ್ದರು. ಸ್ವೆಟರಿನಲ್ಲಿ ಎಷ್ಟು ತಪ್ಪಿದರೂ ಬಲೆಯಲ್ಲಿ ತಪ್ಪಬೇಕಾದದ್ದು ತಪ್ಪುವುದಿಲ್ಲ. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಹಗಲಲ್ಲಿ ಒಂದು ಗ್ಲೌಸನ್ನು ಬಲೆಗೆ ಸಿಕ್ಕಿಸಿ, ಬೆರಳು ಬೆರಳನ್ನೇ ರೆಕ್ಕೆಯೆಂದುಕೊಂಡು ಬಿಡಿಸಿ ಎನ್ನಬಹುದು. ಗ್ಲೌಸು ಕಚ್ಚುವುದಿಲ್ಲ, ಮಿಸುಕುವುದಿಲ್ಲ, ಅದರ ಎದೆ ಬೆರಳಿಗೆ ಬಡಿಯುವುದಿಲ್ಲ. ಕೊನೆಗೂ ಒಂದು ಜೀವಂತ ಬಾವಲಿಯ ಖರ್ಚಿನಲ್ಲೇ ಅವರು ಕಲಿಯಬೇಕು, ನಾನು ಕಲಿತದ್ದೂ ಹಾಗೆಯೇ. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ, ಖರ್ಚು ಕಡಿಮೆ ಮಾಡುವ ಕ್ರಮವಷ್ಟೇ ಇದೆ: ಊರ ತೋಟಗಳಲ್ಲಿ ಧಾರಾಳವಾಗಿ ಸಿಗುವ ಜಾತಿ, ಬಸುರಿ ಬಾಣಂತಿಗಳ ತಿಂಗಳಲ್ಲ, ಮಳೆಯ ರಾತ್ರಿಯಲ್ಲ, ಒಬ್ಬರಿಗೆ ಒಂದೇ ಬಲೆ. ರೇಬೀಸ್ ಚುಚ್ಚುಮದ್ದು ಮೊದಲೇ ಆಗಿರಬೇಕು. ಪಕ್ಕದಲ್ಲಿ ಹಿರಿಯರೊಬ್ಬರು ಕತ್ತರಿ ಹಿಡಿದು ನಿಂತಿರಬೇಕು, ಬಲೆಯನ್ನು ಯಾವಾಗ ಕತ್ತರಿಸಬೇಕೆಂಬ ತೀರ್ಮಾನ ಅವರದಾಗಿರಬೇಕು, ಕಲಿಯುವವರದಲ್ಲ.