ಕರಸ್ಥಲದ ಕಪ್ಪು



ಪ್ರಾತಃಕಾಲದಲ್ಲಿ ಸ್ನಾನವನ್ನು ಮುಗಿಸಿ, ವಿಭೂತಿಯನ್ನು ಧರಿಸಿ, ನಾವು ವಾಮಕರದಲ್ಲಿ ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡು ಅನಿಮಿಷದೃಷ್ಟಿಯಿಂದ ನೋಡುತ್ತೇವೆ. ಆ ಲಿಂಗದ ಹೊರಕವಚವಾದ ಕಂತಿಯು ಕಪ್ಪು. ದೃಷ್ಟಿಯು ಆ ನುಣುಪಾದ ಕಪ್ಪಿನಲ್ಲಿ ನೆಲೆಗೊಂಡರೆ ಒಳಗಿನ ಬೆಳಗು ತೋರುವುದೆಂದು ಶಿವಯೋಗಿಗಳ ಅಭಿಪ್ರಾಯ. ಹೀಗೆ ದಿನದಿನವೂ ಕಪ್ಪನ್ನು ಪರಶಿವನೆಂದು ಪೂಜಿಸುವ ಮನೆಗಳಲ್ಲಿಯೇ, ಪೂಜೆ ಮುಗಿದ ಗಳಿಗೆಯೊಳಗೆ, "ಹುಡುಗಿ ಗುಣವಂತೆ, ಆದರೆ ಬಣ್ಣ ಸ್ವಲ್ಪ ಕಡಮೆ" ಎಂಬ ಮಾತು ಹೇಗೆ ಹುಟ್ಟುತ್ತದೆ? ಇದು ಇಂದು ನಾವು ವಿಚಾರಿಸತಕ್ಕ ವಿಷಯ.

ದೀಕ್ಷೆಯನ್ನು ಪಡೆದ ಅಂಗವು ಲಿಂಗಾಂಗವಾಗುತ್ತದೆ. ಗುರುವು ಹಸ್ತಮಸ್ತಕಸಂಯೋಗ ಮಾಡುವಾಗ ಶಿಷ್ಯನ ಮೈಬಣ್ಣವನ್ನು ಕೇಳಲಿಲ್ಲ. ಗಂಡೋ ಹೆಣ್ಣೋ ಎಂದು ಲಿಂಗವನ್ನು ಬೇರೆಮಾಡಿ ಕೊಡಲಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಶರಣಧರ್ಮವು ವಿಧಿಸಿತು. ಈ ಐದರಲ್ಲಿ ಜಾತಿಸೂತಕವನ್ನು ಅಲ್ಲಗಳೆದುದರಿಂದ ಹುಟ್ಟಿನ ಹೆಮ್ಮೆ ಹೋಯಿತು. ರಜಸ್ಸೂತಕವನ್ನು ಅಲ್ಲಗಳೆದುದರಿಂದ ಸ್ತ್ರೀಯ ದೇಹಕ್ಕೆ ಅಂಟಿಸಿದ ಕೀಳುತನ ಹೋಯಿತು. ಹೋಯಿತೆಂದದ್ದು ಧರ್ಮದಲ್ಲಿ, ನಮ್ಮ ನಡೆಯಲ್ಲಿ ಹೋಗಿದೆಯೆ ಎಂಬುದು ಬೇರೆ ಪ್ರಶ್ನೆ.

ಮೊದಲು ಬಣ್ಣದ ಮಾತು. 1975ರಲ್ಲಿ ನಮ್ಮ ದೇಶದ ಪೇಟೆಗೆ 'ಫೇರ್ ಅಂಡ್ ಲವ್ಲಿ' ಎಂಬ ಮುಖಲೇಪವು ಬಂದಿತು. ಬೆಳ್ಳಗಾದರೆ ವರ ದೊರೆಯುವನು, ಉದ್ಯೋಗ ದೊರೆಯುವುದು ಎಂದು ಅದರ ಜಾಹೀರಾತುಗಳು ನಮ್ಮ ಹೆಣ್ಣುಮಕ್ಕಳಿಗೆ ಬೋಧಿಸಿದವು. 2020ರಲ್ಲಿ ಜಗತ್ತಿನಲ್ಲೆಲ್ಲ ವರ್ಣದ್ವೇಷದ ವಿರುದ್ಧ ಕೂಗೆದ್ದಾಗ ಕಂಪನಿಯವರು ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಎಂದು ಬದಲಿಸಿದರು. ಡಬ್ಬಿಯ ಮೇಲಿನ ಹೆಸರು ಬದಲಾಯಿತು. ಕೊಳ್ಳುವವರ ಮನಸ್ಸಿನೊಳಗಣ ಹೆಸರನ್ನು ಬದಲಿಸುವುದು ಕಂಪನಿಯಿಂದ ಆಗತಕ್ಕ ಕೆಲಸವಲ್ಲ.

"ಬಣ್ಣವನ್ನು ಮೆಚ್ಚುವುದು ಅವರವರ ರುಚಿ, ಇದರಲ್ಲಿ ದೋಷವೇನು?" ಎಂದು ಕೆಲವರು ಕೇಳಬಹುದು. ಸೀರೆಯ ಬಣ್ಣವನ್ನು ಆರಿಸುವವನ ರುಚಿಯಿಂದ ಸೀರೆಗೆ ನೋವಿಲ್ಲ. ಕನ್ಯೆಯನ್ನು ನೋಡಹೋದವನ ರುಚಿಯಿಂದ ಒಂದು ಜೀವ ಕನ್ನಡಿಯ ಮುಂದೆ ಕುಗ್ಗುತ್ತದೆ. ಬಣ್ಣದ ಕೊರತೆಯನ್ನು ಬಂಗಾರದಿಂದ ತುಂಬಿಕೊಡಲು ಅವಳ ತಂದೆ ಹೊಲವನ್ನು ಒತ್ತೆಯಿಡುತ್ತಾನೆ. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ 1961ರಲ್ಲಿಯೇ ಬಂದಿದೆ. ಪರರನ್ನು ಸಾಲಕ್ಕೂ ಕಣ್ಣೀರಿಗೂ ಗುರಿಮಾಡುವ ರುಚಿಯು ರುಚಿಯಲ್ಲ, ಹಿಂಸೆ.

ಮನೆಯಲ್ಲಿ ಪಿಸುಮಾತಾಗಿ ಇರುವ ಈ ಭಾವವೇ ಬೀದಿಗೆ ಬಂದರೆ ಕಲ್ಲಾಗುತ್ತದೆ. 2016ರ ಜನವರಿ ಕಡೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನ್ ದೇಶದವನೊಬ್ಬನ ಕಾರು ತಗುಲಿ ಒಬ್ಬ ಮಹಿಳೆ ಮೃತಳಾದಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಬಿದ್ದು ಹಲ್ಲೆ ಮಾಡಿತು. ಆ ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಅವಳ ಚರ್ಮದ ಬಣ್ಣವನ್ನೇ ಸಾಕ್ಷಿಯೆಂದು ಹಿಡಿದು ಜನ ತೀರ್ಪು ಕೊಟ್ಟರು. ವಿದ್ಯೆಗಾಗಿ ಬಂದ ಪರದೇಶದ ಮಗಳಿಗೆ ದಯೆಯೇ ಧರ್ಮದ ಬೇರೆಂದು ಸಾರಿದ ನಾಡು ಕೊಟ್ಟ ಆತಿಥ್ಯವಿದು!

ಆಫ್ರಿಕದ ಮೂಲದವರು ನಮಗೆ ಕೇವಲ ಪರದೇಶದವರೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳ ಕಾಡಿನಂಚಿನಲ್ಲಿ ಸಿದ್ದಿ ಜನರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಗುಲಾಮರಾಗಿ ಗೋವೆಗೆ ತರಲ್ಪಟ್ಟವರ ಸಂತತಿ ಅವರಲ್ಲಿದೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದ್ದು 2020ರಲ್ಲಿ. ನೆರೆಯವರನ್ನು ನೆರೆಯವರೆಂದು ಗುರುತಿಸಲು ನಾಡಿಗೆ ಎಷ್ಟು ಕಾಲ ಹಿಡಿಯಿತು ನೋಡಿರಿ.

ಇನ್ನು ಸ್ತ್ರೀಪುರುಷಭೇದದ ಮಾತು. ಆತ್ಮಕ್ಕೆ ಈ ಭೇದವಿಲ್ಲವೆಂದು ಜೇಡರ ದಾಸಿಮಯ್ಯನವರು ಬಸವಣ್ಣನವರಿಗಿಂತ ಮುಂಚೆಯೇ ಸಾರಿದರು. ಲಿಂಗವೇ ಪತಿ, ಶರಣನೇ ಸತಿ ಎಂಬುದು ನಮ್ಮ ಸಿದ್ಧಾಂತ. ಪುರುಷಭಕ್ತನೂ ಲಿಂಗದ ಮುಂದೆ ಸತಿಯೇ ಆದಮೇಲೆ ಗಂಡೆಂಬ ಗರ್ವಕ್ಕೆ ಎಡೆಯೆಲ್ಲಿ? ನುಲಿ, ಕದಿರು, ಒರಳುಗಳ ಕಾಯಕದವರನ್ನೂ ಒಳಗೊಂಡು ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ನುಡಿದರು. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಪತಿಯು ಮರುಮಾತಿಲ್ಲದೆ ಒಯ್ದು ಸುರಿದು ಬಂದನು. ಅನುಭವಮಂಟಪದಲ್ಲಿ ಪ್ರಭುದೇವರು ಅಕ್ಕಮಹಾದೇವಿಯವರನ್ನು ಕಠಿನವಾಗಿ ಪರೀಕ್ಷಿಸಿದರು. ಆದರೆ ಉತ್ತರವನ್ನು ಅಕ್ಕನೇ ಕೊಟ್ಟಳು. ಅವಳ ಪರವಾಗಿ ಬೇರೊಬ್ಬ ಪುರುಷನು ಎದ್ದು ನಿಲ್ಲಲಿಲ್ಲ.

ಇಂದಿನ ಸಭೆಗಳಲ್ಲಿ ಏನಾಗುತ್ತಿದೆ? 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ಮೂರರಲ್ಲೊಂದು ಪಾಲನ್ನು ಕೊಟ್ಟಿತು. ನಮ್ಮ ರಾಜ್ಯದಲ್ಲಿ ಮುಂದೆ ಅದು ಅರ್ಧಕ್ಕೆ ಏರಿತು. ಆದರೆ ಎಷ್ಟೋ ಊರುಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಯಜಮಾನರು ಕುಳಿತಿರುತ್ತಾರೆ. ರುಜು ಅವಳದು, ಮಾತು ಅವರದು. 2024ರಲ್ಲಿ ಲೋಕಸಭೆಯ 543 ಸ್ಥಾನಗಳಿಗೆ ಆರಿಸಿ ಬಂದ ಸ್ತ್ರೀಯರು 74 ಮಂದಿ. ಹಾಗೆ ಬಂದವರನ್ನೂ ಕೆಲವು ಪತ್ರಿಕೆಗಳು ಅವರ ಸೀರೆ, ಸಂಸಾರಗಳ ವಿಷಯವಾಗಿ ಕೇಳುತ್ತವೆ. ಪುರುಷಮಂತ್ರಿಯನ್ನು ಮನೆಯ ಅಡಿಗೆಯ ವಿಷಯವಾಗಿ ಯಾರೂ ಕೇಳುವುದಿಲ್ಲ.

"ನಮ್ಮ ಧರ್ಮದಲ್ಲಿ ಸಮಾನತೆ ಎಂದೋ ಬಂದಿದೆ" ಎಂದು ವೇದಿಕೆಯ ಮೇಲೆ ಹೇಳಿ ತೃಪ್ತರಾಗಬಾರದು. ಪಿತ್ರಾರ್ಜಿತ ಹೊಲವನ್ನು ಉಳದಿದ್ದರೆ ಮುಳ್ಳು ಬೆಳೆಯುತ್ತದೆ. ಪಿತ್ರಾರ್ಜಿತ ತತ್ತ್ವವೂ ಹಾಗೆಯೇ. ಮಧುವರಸ, ಹರಳಯ್ಯ ಶರಣರು ತಮ್ಮ ಮಕ್ಕಳ ವಿವಾಹಸಂಬಂಧಕ್ಕಾಗಿ ಪ್ರಾಣವನ್ನೇ ತೆತ್ತರು. ನಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ.

ಆದುದರಿಂದ ಗೃಹಸ್ಥರು ಇಷ್ಟನ್ನಾದರೂ ನಡೆಸತಕ್ಕದ್ದು. ಕನ್ಯೆಯನ್ನು ನೋಡಹೋದಲ್ಲಿ ಬಣ್ಣದ ಮಾತನ್ನು ಎತ್ತಬೇಡಿರಿ. ಮಗನು ಎತ್ತಿದರೆ ಅವನ ಅಂಗೈಯಲ್ಲಿರುವ ಲಿಂಗವನ್ನು ತೋರಿಸಿರಿ. ಮನೆಯ ಹೆಣ್ಣುಮಕ್ಕಳಿಗೆ ಯಾವ ದಿನದಲ್ಲಿಯೂ ಲಿಂಗಪೂಜೆಯನ್ನು ತಡೆಯಬೇಡಿರಿ. ಪತ್ನಿಯು ಪಂಚಾಯಿತಿಗೆ ಆರಿಸಿ ಬಂದರೆ ಬಾಗಿಲವರೆಗೆ ಕಳುಹಿಸಿ ಹಿಂದಿರುಗಿರಿ. ಅಪರಿಚಿತ ರೂಪಿನವರು ಬೀದಿಯಲ್ಲಿ ಎದುರಾದರೆ ಅವರಿಗೂ ಒಬ್ಬ ತಾಯಿ ಇದ್ದಾಳೆಂದು ನೆನೆಯಿರಿ.

ನಾಳೆ ಪ್ರಾತಃಕಾಲ ಲಿಂಗವು ಮರಳಿ ಕರಸ್ಥಲಕ್ಕೆ ಬರುತ್ತದೆ. ಅದನ್ನು ನೋಡುವ ಕಣ್ಣು ಮನುಷ್ಯರನ್ನೂ ಅದೇ ಭಾವದಿಂದ ನೋಡುವಂತಾಗಲಿ.