ತಂದೆಯ ಸಾಲ, ಹೊಳೆಯ ಹೂಳು

ಕೆಟ್ಟ ಕೆಲಸವನ್ನು ನಿಲ್ಲಿಸಿದೊಡನೆ ಅದರ ಕೇಡೂ ನಿಲ್ಲುತ್ತದೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಕ್ಯಾಲಿಫೋರ್ನಿಯದ ಉತ್ತರ ಕರಾವಳಿಯಲ್ಲಿರುವ ರೆಡ್‌ವುಡ್ ಕ್ರೀಕ್ ಎಂಬ ಹೊಳೆಯ ವೃತ್ತಾಂತವನ್ನು ಓದಿದ ಮೇಲೆ ಈ ನಂಬಿಕೆ ನನ್ನಲ್ಲಿ ಸಡಿಲವಾಗಿದೆ.

ಜಗತ್ತಿನ ಅತಿ ಎತ್ತರದ ಮರಗಳು ಆ ಹೊಳೆಯ ಸೀಮೆಯವು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಮರ ಕಡಿಯುವುದು ಭರದಿಂದ ಸಾಗಿತು. ದಿಮ್ಮಿ ಸಾಗಿಸಲು ಗುಡ್ಡಗಳ ಮೈಯೆಲ್ಲ ಮಣ್ಣುದಾರಿ ಕೊರೆದರು. 1964ರ ಡಿಸೆಂಬರಿನಲ್ಲಿ ಮಹಾಪೂರ ಬಂತು. ಗುಡ್ಡಗಳು ಜರಿದು ಹೊಳೆಗಿಳಿದವು.

ಇದರಿಂದ ಸಾಲ್ಮನ್ ಮೀನಿಗೆ ಒದಗಿದ ವಿಪತ್ತು ಎಂಥದು? ಕಡಲಿನಲ್ಲಿ ಬೆಳೆದು, ತಾನು ಹುಟ್ಟಿದ ಹೊಳೆಗೇ ಮರಳುವ ಹೆಣ್ಣುಮೀನು ಬಾಲದಿಂದ ಉರುಟುಕಲ್ಲುಗಳನ್ನು ಕೆದಕಿ, ಗುಂಡಿಯಲ್ಲಿ ಮೊಟ್ಟೆಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ಚಿನೂಕ್, ಕೋಹೋ ಜಾತಿಯ ಮೀನುಗಳು ಅಲ್ಲಿಗೆ ಸಾಯುತ್ತವೆ. ಮರಿಗಳ ಮುಖ ಕಾಣುವುದಿಲ್ಲ. ಕಲ್ಲಿನ ಸಂದಿಯಲ್ಲಿ ಹರಿಯುವ ತಣ್ಣೀರೇ ಮೊಟ್ಟೆಗೆ ಉಸಿರು. ಹೂಳು ತುಂಬಿದರೆ ಮೊಟ್ಟೆ ಇದ್ದಲ್ಲೇ ಕೆಡುತ್ತದೆ. ಒಡೆದ ಮರಿಯೂ ಮೇಲೇಳಲಾರದು.

ಅಲ್ಲಿ 1968ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1978ರಲ್ಲಿ ಅದಕ್ಕೆ ಸೇರಿಸಿದ 48,000 ಎಕರೆಯಲ್ಲಿ ಬಹುಪಾಲು ಆಗಲೇ ಕಡಿದ ಕಾಡು. ಇದನ್ನು ವಿರೋಧಿಸಿ 1977ರಲ್ಲಿ ಮರ ಕಡಿಯುವವರು ಲಾರಿಗಳ ಮೆರವಣಿಗೆಯಲ್ಲಿ ವಾಷಿಂಗ್ಟನ್ನಿಗೆ ಹೋದರು. ಕಡಲೆಕಾಯಿ ಬೆಳೆಗಾರರಾಗಿದ್ದ ಅಧ್ಯಕ್ಷ ಕಾರ್ಟರರಿಗೆಂದು ರೆಡ್‌ವುಡ್ಡಿನಲ್ಲಿ ಕೆತ್ತಿದ ಭಾರಿ ಕಡಲೆಕಾಯಿಯನ್ನು ಹೊತ್ತಿದ್ದರು. ಅದು ಸ್ವೀಕೃತವಾಗಲಿಲ್ಲ. ಅನ್ನ ಹೋಗುವವನ ಕೊಂಕಿಗೆ ನಗಲು ನನಗೆ ಮನಸ್ಸಾಗದು.

ಕೊಡಲಿ ನಿಂತರೂ ದಾರಿಗಳು ಉಳಿದಿದ್ದವು. ಮೋರಿ ಕಟ್ಟಿಕೊಂಡರೆ ಮುಂದಿನ ಮಳೆಗೆ ಅವೇ ಜರಿಯುತ್ತವೆ. ಆದ್ದರಿಂದ ತುಂಬಿದ ಮಣ್ಣನ್ನು ಯಂತ್ರಗಳಿಂದ ಅಗೆದು, ಗುಡ್ಡಕ್ಕೆ ಹಳೆಯ ಇಳಿಜಾರನ್ನೂ ತೊರೆಗೆ ಹಳೆಯ ಹಾದಿಯನ್ನೂ ಕೊಡುವ ಕೆಲಸ ಮೊದಲಾಯಿತು. ಇತ್ತ ಪೂರದ ಹೂಳು ವರ್ಷವರ್ಷಕ್ಕೂ ಕೆಳಕ್ಕೆ ಸರಿಯುತ್ತಿತ್ತು. ಮೇಲಿನ ಪಾತ್ರ ಮರಳಿ ಆಳವಾಗುತ್ತಿದ್ದಾಗಲೇ ಕೆಳಗಿನ ಪಾತ್ರ ತುಂಬುತ್ತಿದ್ದುದನ್ನು ಅಳತೆಗಾರರು ಕಂಡರು.

ಕಡಿದವರು ಬೇರೆ, ತೆರುವವರು ಬೇರೆ. ಇದು ನ್ಯಾಯವೆ? ನಮ್ಮ ಧರ್ಮಶಾಸ್ತ್ರಕಾರರು ತಂದೆಯ ಸಾಲವನ್ನು ಮಗನ ತಲೆಗೆ ಕಟ್ಟಿದರು. ಆದರೆ ಜೂಜಿಗೂ ಕುಡಿತಕ್ಕೂ ಮಾಡಿದ ಸಾಲವನ್ನು ಬಿಟ್ಟರು. ಎಂಥ ವ್ಯವಹಾರಜ್ಞಾನ! ಹಾಗಾದರೆ ಈ ಕಾಡನ್ನು ಕಡಿದದ್ದು ಸಂಸಾರದ ಸಾಲವೋ, ಜೂಜಿನದೋ? ಆ ಮರದಿಂದ ಮನೆಗಳೆದ್ದವು. ಮಕ್ಕಳು ಅವುಗಳಲ್ಲಿ ಬೆಳೆದರು. ಸಂಸಾರದ ಸಾಲವೆಂದೇ ನನ್ನ ಪಕ್ಷ. ಮನೆಯಲ್ಲಿದ್ದವರು ತೀರಿಸಲಿ.

ಆದರೆ ಯುರೋಕ್ ಬುಡಕಟ್ಟಿನವರ ವಿಷಯಕ್ಕೆ ಬಂದಾಗ ನನ್ನ ತರ್ಕ ಮುಗ್ಗರಿಸುತ್ತದೆ. ತಲೆತಲಾಂತರದಿಂದ ಸಾಲ್ಮನ್ ಅವರ ಆಹಾರ. ಹೊಳೆ ಕೆಟ್ಟಾಗ ಕಳೆದುಕೊಂಡವರು ಅವರು. ಈಚಿನ ವರ್ಷಗಳಲ್ಲಿ ಉಪನದಿ ಪ್ರೈರೀ ಕ್ರೀಕಿನ ದಂಡೆಯಲ್ಲಿ, ಮರ ಕೊಯ್ಯುವ ಮಿಲ್ಲಿದ್ದ ನೆಲವನ್ನು ಅಗೆದು ಮೀನಿಗೆ ಹೊಸ ಪಾತ್ರ ಮಾಡಿದವರಲ್ಲೂ ಅವರಿದ್ದಾರೆ. ಸಾಲ ಕೊಟ್ಟವನೇ ಸಾಲ ತೀರಿಸಲು ಬಂದರೆ ಅದಕ್ಕೆ ಯಾವ ಶಾಸ್ತ್ರದಲ್ಲಿ ಹೆಸರಿದೆ? ಅಲ್ಲಿಯ ಕೋಹೋ 1997ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು. ಸಾಮಾನ್ಯವಾಗಿ ಮೂರನೆಯ ವರ್ಷಕ್ಕೆ ಅದು ಕಡಲಿನಿಂದ ತಿರುಗುತ್ತದೆ. ಮಳೆ ಬಿದ್ದು ನೀರೇರಿದೊಡನೆ ಹೊಳೆ ಹತ್ತುತ್ತದೆ.