ಹಾಡು ನುಡಿವ ಸಾಕ್ಷಿ

ಶಿವಬಸವ ನಗರದ ಓಣಿಯೊಂದರಲ್ಲಿ ಹೋಗುತ್ತಿದ್ದೆ. ಯಾರದೋ ಮನೆಯಿಂದ ಕುಮಾರ ಗಂಧರ್ವರ ಕಬೀರ್ ಭಜನೆ ಕೇಳಿಬಂತು; ಕಾಲು ನಿಂತಿತು. 1924ರಲ್ಲಿ ನಮ್ಮ ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿ, ಕ್ಷಯದಿಂದ ವರ್ಷಗಟ್ಟಲೆ ಮೌನವಾಗಿದ್ದು ಮತ್ತೆ ಹಾಡಿದವರು ಅವರು. ಆದರೆ ನನಗೆ ನೆನಪಾದದ್ದು ಅಬ್ಬಾ. ಅವರು ರೇಡಿಯೋದಲ್ಲಿ ಇದನ್ನೇ ಕೇಳುತ್ತಿದ್ದಾಗ, ಪರೀಕ್ಷೆಯ ನೆಪ ಹೇಳಿ ನಾನು ಬಂದ್ ಮಾಡಿದ್ದೆ. ಅವರು ಏನೂ ಅನ್ನಲಿಲ್ಲ.

ಹಾಡು ಸವಿನೆನಪನ್ನಷ್ಟೇ ತರುತ್ತದೆ ಎನ್ನುತ್ತೇವೆ. ಅದು ಸಾಕ್ಷಿಯನ್ನೂ ನುಡಿಯುತ್ತದೆ. ಕತೆಗಾರನಾದ ನಾನು ನನ್ನ ತಪ್ಪನ್ನು ಕತೆ ಕಟ್ಟಿ ಮುಚ್ಚಬಲ್ಲೆ. ಹಾಡಿನ ಮುಂದೆ ಆ ಜಾಣತನ ನಡೆಯದು.

ತೀರಿಹೋದವರಲ್ಲಿ ಕ್ಷಮೆ ಕೇಳಲಾಗದು. ಆ ಸಾಲವನ್ನು ಇರುವವರಿಗೆ ತೀರಿಸಬಹುದಷ್ಟೆ. ಮಗಳು ತನ್ನ ಹಾಡು ಕೇಳುವಾಗ, ನನಗೆ ಹಿಡಿಸದಿದ್ದರೂ, ಈಗ ನಾನು ನಿಲ್ಲಿಸು ಎನ್ನುವುದಿಲ್ಲ.